ಪಾಸ್ಕ್ವೀನೊಗೆ ಬರೆದ ನಾಲ್ಕು ಸಾಲು

"ನಾಳೆಯಿಂದ ಆ ಮೂಲೆಗೆ ಯಾರನ್ನೂ ಕರ್ಕೊಂಡು ಹೋಗ್ಬೇಡಿ, ಎರ್ಸೀಲಿಯಾ," ಅಂದರು ದೊತ್ತೋರ್ ವೆಂತುರೋಲಿ. "ನಾವೋನಾ ಚೌಕದಿಂದ ಸೀದಾ ಪಾಂಥಿಯನ್‌ಗೆ ನಡೀರಿ. ಆ ಮುರುಕು ಕಲ್ಲಲ್ಲಿ ನೋಡೋಕೆ ಏನಿದೆ?"

ಏನಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಬೇಡ ಅಂದದ್ದು.

ದೊತ್ತೋರ್ ಅಂದರೆ ಡಾಕ್ಟರ್; ಆದರೆ ಅವರು ವೈದ್ಯರಲ್ಲ, ಪಂಡಿತರೂ ಅಲ್ಲ. ರೋಮಿನಲ್ಲಿ ಟೈ ಕಟ್ಟಿ ಎರಡು ಫೋನು ಹಿಡಿದವರೆಲ್ಲ ದೊತ್ತೋರೇ. ನಾಲ್ಕು ವರ್ಷದ ಹಿಂದೆ ನಾವೋನಾ ಚೌಕದ ಹಿಂದಿನ ಓಣಿಯಲ್ಲಿ ಐದು ಮಹಡಿಯ ಹಳೆ ಮನೆಯೊಂದನ್ನು ಇಡಿಯಾಗಿ ಕೊಂಡರು. ಇದ್ದವರನ್ನು ಒಬ್ಬೊಬ್ಬರನ್ನಾಗಿ ಸಾಗಹಾಕಿ, ಮನೆ ತುಂಬಾ ಪ್ರವಾಸಿಗರಿಗೆ ಕೋಣೆ ಮಾಡಿದರು. ಆ ಅತಿಥಿಗಳಿಗೆ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಊರು ತೋರಿಸುವ ಗೈಡು ನಾನು. ತಮಾಷೆ ಏನೆಂದರೆ, ಅದೇ ಮನೆಯ ಮೂರನೇ ಮಹಡಿಯಲ್ಲೇ ನಾನು ಹುಟ್ಟಿದ್ದು. ಅಮ್ಮ ನನ್ನನ್ನು ಹೆತ್ತ ಕೋಣೆಯ ಬಾಗಿಲಿಗೆ ಈಗ ಹಿತ್ತಾಳೆಯ ಫಲಕ ಬಿದ್ದಿದೆ, ಅದರ ಮೇಲೆ ಕೋಣೆಗೆ ಇಟ್ಟ ಯಾವುದೋ ಶಿಲ್ಪಿಯ ಹೆಸರು. ನಾನಿರುವುದು ಮೆಟ್ರೊದ ಕೊನೆಯ ನಿಲ್ದಾಣದಲ್ಲಿ ಇಳಿದು ಮತ್ತೆ ಬಸ್ಸು ಹಿಡಿಯುವಷ್ಟು ದೂರದಲ್ಲಿ. ನನಗೆ ಇದರ ಬಗ್ಗೆ ಸಿಟ್ಟಿದೆ. ಹೊಟ್ಟೆಪಾಡು ಅಂತ ನಾಲ್ಕು ವರ್ಷ ಅದನ್ನು ನುಂಗಿಕೊಂಡು, ಅವರ ಅತಿಥಿಗಳಿಗೆ ಕಾರಂಜಿ ತೋರಿಸಿಕೊಂಡು ಓಡಾಡಿದೆ.

ಮುರುಕು ಕಲ್ಲು ಅಂದರೆ ಪಾಸ್ಕ್ವೀನೊ. ಚೌಕದಿಂದ ಎರಡು ಹೆಜ್ಜೆ ಆಚೆ, ಮೂಲೆಯಲ್ಲಿ ನಿಂತಿರುವ ವಿಗ್ರಹ. ಕೈಯಿಲ್ಲ, ಮುಖ ಇದ್ದೂ ಇಲ್ಲ. ಐನೂರು ವರ್ಷದಿಂದ ರೋಮಿನವರು ದೊಡ್ಡವರ ಎದುರು ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಪದ್ಯ ಕಟ್ಟಿ, ಚೀಟಿಯಲ್ಲಿ ಬರೆದು, ಅವನ ಮೈಗೆ ಅಂಟಿಸುತ್ತ ಬಂದಿದ್ದಾರೆ. ಪೋಪ್ ಆಗಲಿ, ರಾಜನಾಗಲಿ, ಮಂತ್ರಿಯಾಗಲಿ, ಪಾಸ್ಕ್ವೀನೊ ಬಿಟ್ಟವನಲ್ಲ. ಬೆಳಗಾದರೆ ಊರೆಲ್ಲ ಓದಿ ನಗುತ್ತಿತ್ತು, ಬೈಸಿಕೊಂಡವರು ಹಲ್ಲು ಕಡಿಯುತ್ತಿದ್ದರು. ಈಗ ಕಲ್ಲಿಗೆ ಅಂಟು ಬಳಿಯಬಾರದು ಅಂತ ಪಕ್ಕದಲ್ಲಿ ಒಂದು ಹಲಗೆ ನಿಲ್ಲಿಸಿದ್ದಾರೆ, ಚೀಟಿಗಳೆಲ್ಲ ಅದರ ಮೇಲೆ.

ಎರಡು ವಾರದಿಂದ ಆ ಹಲಗೆಯ ಮೇಲೆ ದೊತ್ತೋರರ ಮಾನ ಹರಾಜಾಗುತ್ತಿತ್ತು. ಮೊದಲನೆಯ ಚೀಟಿ ಹೀಗಿತ್ತು:

ಗೋಡೆ ಕೊಂಡ, ಸೂರು ಕೊಂಡ, ಮೆಟ್ಟಿಲನ್ನೂ ಕೊಂಡ,
ಬಾವಿ ಕೊಂಡ, ಬಾಗಿಲು ಕೊಂಡ, ಬೆಕ್ಕನ್ನು ಕೂಡ ಕೊಂಡ;
ಉಳಿದ ಮುದುಕಿಯೊಬ್ಬಳಿಗೆ ಬೆಲೆಯ ಕೇಳ ಬಂದ,
ಮಾರೋದಿಲ್ಲ ಹೋಗೋ ಎನಲು ಮುಖ ಕೆಂಪಾಗಿ ನಿಂದ.

"ಯಾರು ಬರೀತಿರೋದು ಅಂತ ನಿಮಗೇನಾದ್ರೂ ಗೊತ್ತಾ?" ಅಂತ ಕೇಳಿದರು ದೊತ್ತೋರ್. ಕಣ್ಣು ನನ್ನ ಮುಖದ ಮೇಲೇ ಇತ್ತು.

"ಗೊತ್ತಿಲ್ಲ."

"ಆ ಮುದುಕೀನೇ ಅಂತ ನನ್ನ ಅನುಮಾನ. ಸಾಬೀತಾಗ್ಲಿ, ಆಮೇಲೆ ಇದೆ. ಮಾಲೀಕನ ಮಾನ ಕಳೆದವಳನ್ನ ಒಂದು ದಿನಾನೂ ಕಾಯದೆ ಕೆಲಸದಿಂದ ತೆಗೀಬಹುದು ಅಂತ ವಕೀಲರು ಹೇಳಿದಾರೆ. ಕೆಲಸ ಹೋದ್ರೆ ಕೋಣೇನೂ ಹೋಯ್ತು."

ಮುದುಕಿ ಅಂದರೆ ಪಾಲ್ಮಿರಾ ಚೆಕ್ಕರೆಲ್ಲಿ. ನಮ್ಮ ಓಣಿಯಲ್ಲಿ ದೊಡ್ಡ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಎಲ್ಲರಿಗೂ ಅವಳು ಸೋರಾ ಪಾಲ್ಮಿರಾ. ಐವತ್ತೊಂದು ವರ್ಷದಿಂದ ಆ ಮನೆಯ ಹೆಬ್ಬಾಗಿಲು ನೋಡಿಕೊಂಡವಳು. ಬಾಗಿಲಿನ ಪಕ್ಕದ ಒಂದೂವರೆ ಕೋಣೆ ಅವಳ ಮನೆ, ಕೆಲಸದ ಜೊತೆ ಬಂದದ್ದು. ಅಮ್ಮ ಹೊಲಿಗೆ ಕೆಲಸಕ್ಕೆ ಹೋದಾಗ ನನಗೆ ಅನ್ನ ಹಾಕಿದವಳು, ಮೂಗು ಒರೆಸಿದವಳು, ಕಿವಿ ಹಿಂಡಿದವಳು ಅವಳೇ. ಚೀಟಿಯ ಅಕ್ಷರ ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. "ಲಿಫ್ಟ್ ಕೆಟ್ಟಿದೆ, ಕಾಲಿದ್ದವರು ಹತ್ತಿ" ಅಂತ ಅವಳು ಬರೆದು ಅಂಟಿಸುತ್ತಿದ್ದ ಕಾಗದಗಳನ್ನು ಓದಿಯೇ ನಾನು ಅಕ್ಷರ ಕಲಿತದ್ದು.

ಏಪ್ರಿಲ್ ಕೊನೆಗೆ ಕೋಣೆ ಖಾಲಿ ಮಾಡಬೇಕೆಂದು ಅವಳಿಗೆ ಕಾಗದ ಬಂದಿತ್ತು. ಖಾಲಿ ಮಾಡುವುದಿಲ್ಲ ಅಂತ ಅವಳು ಹೇಳಿಯೂ ಆಗಿತ್ತು. ಕೋರ್ಟಿಗೆ ಹೋದರೆ ರೋಮಿನಲ್ಲಿ ಇಂಥ ಕೇಸು ವರ್ಷಗಟ್ಟಲೆ ಎಳೆಯುತ್ತದೆ, ಅದು ದೊತ್ತೋರರಿಗೂ ಗೊತ್ತು. ಅದಕ್ಕೇ ಅವರಿಗೆ ಆ ಚೀಟಿ ಬರೆದವರ ಹೆಸರು ಬೇಕಾಗಿತ್ತು.

ನಾನು ಏನು ಮಾಡಿದೆ? ನಾಚಿಕೆಯಾದರೂ ಹೇಳುತ್ತೇನೆ. ಹೇಳಿದ ಹಾಗೆ ಕೇಳಿದೆ. ನಾವೋನಾ ಚೌಕದಲ್ಲಿ ನಾಲ್ಕು ನದಿಗಳ ಕಾರಂಜಿ ತೋರಿಸಿ, ಹಳೇ ಜೋಕು ಹೇಳಿ ನಗಿಸಿ, ಅತಿಥಿಗಳನ್ನು ಪೂರ್ವದ ಕಡೆಗೆ ತಿರುಗಿಸಿಬಿಡುತ್ತಿದ್ದೆ. ಪಾಂಥಿಯನ್ ಗುಡಿಯ ಮಾಡಿನ ತೂತು, ತ್ರೇವಿ ಕಾರಂಜಿ, ಬೆನ್ನ ಹಿಂದಕ್ಕೆ ಎಸೆಯುವ ನಾಣ್ಯ. ಪಾಸ್ಕ್ವೀನೊ ಇರುವುದು ಇನ್ನೊಂದು ಬದಿಗೆ. ಹತ್ತು ದಿನ ಅವನಿಗೆ ಬೆನ್ನು ಹಾಕಿಕೊಂಡೇ ಓಡಾಡಿದೆ.

ಹನ್ನೊಂದನೆಯ ದಿನ ಕೆಲಸ ಮುಗಿಸಿ ಸೋರಾ ಪಾಲ್ಮಿರಾಳ ಕೋಣೆಗೆ ಹೋದೆ. ಮಡಿಲಲ್ಲಿ ಹಸಿ ಅವರೆ ಸುರಿದುಕೊಂಡು ಸುಲಿಯುತ್ತಿದ್ದಳು. ಬಟ್ಟಲಿಗೆ ಬಿದ್ದದ್ದಕ್ಕಿಂತ ಬಾಯಿಗೆ ಹೋದದ್ದೇ ಹೆಚ್ಚು. ಪಕ್ಕದ ತಟ್ಟೆಯಲ್ಲಿ ಕುರಿಹಾಲಿನ ಚೀಸಿನ ತುಂಡು.

"ಬಾರೇ ಒಳಗೆ. ಕಾಲು ಒರೆಸ್ಕೊ, ಈಗ ತಾನೇ ಸಾರಿಸಿದೀನಿ," ಅಂದಳು. ನಾನು ಕೂರುವ ಮೊದಲೇ ಕತ್ತು ಮುಂದೆ ಚಾಚಿ, ದನಿ ತಗ್ಗಿಸಿ ಕೇಳಿದಳು: "ಜನ ಏನಂತಾರೆ?"

"ಯಾವುದಕ್ಕೆ?"

"ಏ, ನನ್ನ ಹತ್ರ ನಾಟಕ ಆಡ್ಬೇಡ. ಹಲಗೆ ಮೇಲಿನ ಪದ್ಯಕ್ಕೆ ಕಣೇ. ನನ್ನ ಮಂಡಿ ಹಾಳಾಗಿದೆ, ಬೆಳಗ್ಗೆ ಕಾಫಿ ಅಂಗಡಿ ತೆಗೆಯೋ ಹೊತ್ತಿಗೆ ಹೋಗಿ ಅಂಟಿಸಿ ಬರೋದೇ ದೊಡ್ಡದು, ನಿಂತು ನೋಡೋಕಾಗಲ್ಲ. ನೀನು ದಿನಾ ಹೋಗ್ತೀಯಲ್ಲ. ಓದ್ತಾರಾ? ನಗ್ತಾರಾ?"

"ನಗ್ತಾರೆ," ಅಂದೆ.

ಅವಳ ಮುಖ ಅರಳಿತು. "ನಂಗೊತ್ತಿತ್ತು! ಇವತ್ತು ನಾಳೆ ಯಾರಾದ್ರೂ ಬಂದೇ ಬರ್ತಾರೆ ನೋಡು. ಬೇಕರಿಯವನು ಬರ್ತಾನೆ, ಪಾದ್ರಿ ಬರ್ತಾರೆ, ಹಳೇ ಬಾಡಿಗೆದಾರರೆಲ್ಲ ಬರ್ತಾರೆ. ಊರೇ ನಕ್ಕ ಮೇಲೆ ಆ ಟೈ ಕಟ್ಟಿದ ಕೋತಿ ಈ ಓಣೀಲಿ ಹೇಗೆ ತಲೆ ಎತ್ಕೊಂಡು ಓಡಾಡ್ತಾನೆ? ನಮ್ಮಪ್ಪ ಹೇಳ್ತಿದ್ದ, ಪಾಸ್ಕ್ವೀನೊ ಬಾಯಿಗೆ ಬಿದ್ದವರು ಉದ್ಧಾರ ಆದದ್ದೇ ಇಲ್ಲ ಅಂತ. ಇಗೋ, ಹೊಸದು ಬರೆದಿದೀನಿ, ಕೇಳು."

ಕನ್ನಡಕ ಏರಿಸಿ ಓದಿದಳು:

ಪೆಟ್ಟಿಗೆಗೆ ಬೇಕಂತೆ ಕೋಣೆ, ಪೆಟ್ಟಿಗೆಗೂ ನಿದ್ದೆಯಂತೆ,
ಚಕ್ರವಿದ್ದ ಪೆಟ್ಟಿಗೆಗೆ ಕಾಲುನೋವು ಬಂದಿತಂತೆ;
ಐವತ್ತೊಂದು ವರ್ಷ ಇಲ್ಲಿ ಬಾಗಿಲು ಕಾದ ಮುದುಕಿಗೆ
ಚಕ್ರವಿಲ್ಲ, ಅದಕೆ ಅವಳು ಹೊರಗೆ ಉರುಳಬೇಕಂತೆ.

ಅವಳ ಕೋಣೆಯನ್ನು ಅತಿಥಿಗಳ ಸೂಟ್‌ಕೇಸ್ ಇಡುವ ಜಾಗ ಮಾಡಬೇಕೆಂಬುದೇ ದೊತ್ತೋರರ ಯೋಜನೆ. ಅಳತೆ ತೆಗೆಯುವವನು ಆಗಲೇ ಬಂದು ಅವಳ ಮಂಚವನ್ನು ಸರಿಸಿ ಗೋಡೆ ಅಳೆದುಕೊಂಡು ಹೋಗಿದ್ದ.

"ಹೇಗಿದೆ?" ಅಂದಳು.

"ಚೆನ್ನಾಗಿದೆ."

"ಬರೀ ಚೆನ್ನಾಗಿದೆಯಾ? 'ಚಕ್ರವಿಲ್ಲ' ಅನ್ನೋದು ಸಿಗೋಕೆ ಮೂರು ದಿನ ಒದ್ದಾಡಿದೀನಿ!"

ಮರುದಿನ ನನಗೆ ರಜೆ. ಬೆಳಗ್ಗೆ ಎಂಟಕ್ಕೇ ಪಾಸ್ಕ್ವೀನೊನ ಎದುರಿನ ಕಟ್ಟೆಯ ಮೇಲೆ ಹೋಗಿ ಕೂತೆ. ಹೊಸ ಚೀಟಿ ಹಲಗೆಯ ನಟ್ಟನಡುವೆ ಇತ್ತು. ಮಧ್ಯಾಹ್ನದವರೆಗೂ ಕಾದೆ. ಬಂದವರು ನೂರಾರು ಜನ. ಒಬ್ಬಳು ವಿಗ್ರಹದ ಮುಂದೆ ತುಟಿ ಮುಂದೆ ಮಾಡಿ ಫೋಟೋ ತೆಗೆಸಿಕೊಂಡಳು. ಒಬ್ಬ ಹಲಗೆಗೆ ಒರಗಿ ಪಿಜ್ಜಾ ತಿಂದು, ಎಣ್ಣೆಯ ಕೈಯನ್ನು ಸೋರಾ ಪಾಲ್ಮಿರಾಳ ಪದ್ಯದ ಅಂಚಿಗೇ ಒರೆಸಿದ. ಇಬ್ಬರು ಚೀಟಿಯ ಹತ್ತಿರ ಬಗ್ಗಿದಾಗ ನಾನು ಎದ್ದು ನಿಂತೆ. ಅವರು ವೈಫೈ ಗುಪ್ತಪದ ಇದೆಯೇನೋ ಅಂತ ನೋಡುತ್ತಿದ್ದರು.

ಓದುವವರು ಇರಲಿಲ್ಲ. ನಮ್ಮ ಮಾತಿನಲ್ಲಿ ಬರೆದದ್ದನ್ನು ಓದಿ ನಗಬೇಕಾದವರು ಯಾರೂ ಆ ಓಣಿಯಲ್ಲಿ ಉಳಿದಿರಲಿಲ್ಲ. ಬೇಕರಿಯವನು ಅಂಗಡಿ ಮಾರಿ ಮಗಳ ಊರಿಗೆ ಹೋಗಿ ಆರು ವರ್ಷವಾಗಿತ್ತು. ಈಗ ಅಲ್ಲಿ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಮಾರುತ್ತಾರೆ. ಹಳೇ ಬಾಡಿಗೆದಾರರೆಲ್ಲ ನನ್ನ ಹಾಗೆ ಮೆಟ್ರೊದ ತುದಿ ಸೇರಿದ್ದರು. ಇದೆಲ್ಲ ಸೋರಾ ಪಾಲ್ಮಿರಾಳಿಗೆ ಗೊತ್ತಿಲ್ಲದ್ದಲ್ಲ, ಒಬ್ಬೊಬ್ಬರನ್ನೂ ಹೆಬ್ಬಾಗಿಲಲ್ಲಿ ನಿಂತು ಬೀಳ್ಕೊಟ್ಟವಳೇ ಅವಳು. ಆದರೂ ಪಾಸ್ಕ್ವೀನೊ ಕರೆದರೆ ರೋಮು ಓಡಿ ಬರುತ್ತದೆ ಅಂತ ಅವಳು ನಂಬಿದ್ದಳು. ಅಪ್ಪಟ ರೋಮಿನವರು ಮಾತ್ರ ಮಾಡಬಲ್ಲ ತಪ್ಪು ಅದು. ಅಲ್ಲಿ ಕೂತು ನಾನು ಅತ್ತೆ. ಆಮೇಲೆ ಎದ್ದು ಸೀದಾ ಅವಳಲ್ಲಿಗೆ ಹೋದೆ.

"ಸೋರಾ ಪಾಲ್ಮಿರಾ, ನಾನು ನಿಮಗೆ ಸುಳ್ಳು ಹೇಳಿದೆ. ಯಾರೂ ಓದ್ತಿಲ್ಲ."

ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಯಾರೂ ಅಂದ್ರೆ?"

"ಒಬ್ಬರೂ ಇಲ್ಲ. ಬರೋರಿಗೆ ನಮ್ಮ ಮಾತು ಬರಲ್ಲ. ಮಾತು ಬರೋರು ಬರಲ್ಲ."

ನಾನು ಅವಳು ಕುಸಿದು ಕೂರುತ್ತಾಳೆ ಅಂದುಕೊಂಡೆ. ಅವಳು ಕೂರಲಿಲ್ಲ.

"ಹಾಗಾದ್ರೆ ನೀನು ಏನು ಮಾಡ್ತಿದ್ದೆ?"

"ನಾನಾ?"

"ಹೂಂ, ನೀನೇ. ನಿನಗೆ ನಮ್ಮ ಮಾತೂ ಬರುತ್ತೆ, ಅವರ ಮಾತೂ ಬರುತ್ತೆ. ದಿನಾ ಬೆಳಗ್ಗೆ ಇಪ್ಪತ್ತು ಮೂವತ್ತು ಜನಾನ ಹಿಂದೆ ಹಾಕ್ಕೊಂಡು ಹೋಗ್ತೀಯ. ಬರೆದಿದ್ದನ್ನ ಜೋರಾಗಿ ಓದಿ ಹೇಳೋದೇ ಅಲ್ವೇನೇ ನಿನ್ನ ಕೆಲಸ? ಸತ್ತ ರಾಜರು ಕಲ್ಲಲ್ಲಿ ಕೆತ್ತಿಸಿದ್ದನ್ನ ಓದ್ತೀಯ, ಬದುಕಿರೋ ನಾನು ಬರೆದಿದ್ದನ್ನ ಓದೋಕೆ ಏನು ದಾಡಿ?"

"ಅವರು ಆ ಕಡೆ ಹೋಗ್ಬೇಡಿ ಅಂದಿದಾರೆ."

"ಮತ್ತೆ ನೀನು ಹೋಗ್ಲಿಲ್ಲ," ಅಂದಳು. ಬೈಯಲಿಲ್ಲ. ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಕೆಲಸ ಮುಂದುವರಿಸಿದಳು. ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಚೆನ್ನಾಗಿ ಬಂತು. ಏನು ಮಾಡಬೇಕು ಅಂತ ಬಸ್ಸಿನಲ್ಲೇ ತೀರ್ಮಾನ ಮಾಡಿಯಾಗಿತ್ತು.

ಬೆಳಗ್ಗೆ ಒಂಬತ್ತಕ್ಕೆ ಅಂಗಳದಲ್ಲಿ ಇಪ್ಪತ್ತೆಂಟು ಜನ ಸೇರಿದರು. ಹಾಲೆಂಡಿನಿಂದ ಬಂದ ನಿವೃತ್ತ ಮೇಷ್ಟ್ರು ಒಬ್ಬರು, ಪೋಲೆಂಡಿನ ಅಕ್ಕ ತಂಗಿ, ಮಕ್ಕಳ ಜೊತೆ ಬಂದ ಒಂದು ದೊಡ್ಡ ಐರಿಷ್ ಸಂಸಾರ, ಹೀಗೆ. ನಾನು ನಾವೋನಾ ಚೌಕದಲ್ಲಿ ಕಾರಂಜಿ ತೋರಿಸಿದೆ. ಆಮೇಲೆ ನನ್ನ ಹಳದಿ ಕರವಸ್ತ್ರ ಎತ್ತಿ ಹಿಡಿದು ಪಶ್ಚಿಮಕ್ಕೆ ತಿರುಗಿದೆ.

ಪಾಸ್ಕ್ವೀನೊನ ಮುಂದೆ ಅವರನ್ನು ಅರ್ಧ ವೃತ್ತದಲ್ಲಿ ನಿಲ್ಲಿಸಿ, ಅವನ ಕಥೆ ಹೇಳಿ, ಚೀಟಿಯನ್ನು ಮೊದಲು ನಮ್ಮ ಮಾತಿನಲ್ಲಿ ಓದಿದೆ. ಬಾಯಿ ತುಂಬಾ, ಓಣಿಯ ಆ ತುದಿಗೂ ಕೇಳುವ ಹಾಗೆ. ಆಮೇಲೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲು ಸಾಲಾಗಿ ಬಿಡಿಸಿ ಹೇಳಿದೆ. ಪ್ರಾಸ ಹೋಯಿತು, ಹೋಗಲಿ. 'ಚಕ್ರವಿಲ್ಲ' ಅನ್ನುವಲ್ಲಿ ಐರಿಷ್ ಅಜ್ಜಿಯೊಬ್ಬರು ಫಕ್ಕನೆ ನಕ್ಕರು. ನಗು ಅವರಿಂದ ಸೊಸೆಗೆ, ಸೊಸೆಯಿಂದ ಪೋಲೆಂಡಿನ ಅಕ್ಕ ತಂಗಿಗೆ ಹರಡಿತು.

ಹಾಲೆಂಡಿನ ಮೇಷ್ಟ್ರು ಕೈ ಎತ್ತಿದರು. "ಇದು ಯಾವ ಕಾಲದ ಪದ್ಯ?"

"ಮೊನ್ನೆ ಬರೆದದ್ದು."

"ಆ ಮುದುಕಿ ಯಾರು?"

"ನೀವು ಬಂದ ದಿನ ಬಾಗಿಲು ತೆಗೆದು, ನಿಮ್ಮ ಚೀಲ ಹಿಡ್ಕೊಂಡ್ರಲ್ಲ, ಅವರೇ. ಕೋಣೆ ಬೇಕಾಗಿರೋದು ನಿಮ್ಮ ಸೂಟ್‌ಕೇಸ್ ಇಡೋಕೆ."

ನಗು ನಿಂತಿತು. ಮೇಷ್ಟ್ರ ಕಿವಿ ಕೆಂಪಾಯಿತು. "ನಮ್ಮನ್ನ ಯಾರೂ ಕೇಳಲೇ ಇಲ್ಲವಲ್ಲ," ಅಂತ ಐರಿಷ್ ಅಜ್ಜಿ ಗಟ್ಟಿಯಾಗಿ ಅಂದರು. "ನನ್ನ ಪೆಟ್ಟಿಗೆ ಮಂಚದ ಕೆಳಗೆ ಚೆನ್ನಾಗೇ ಇದೆ."

ಅಷ್ಟರಲ್ಲಿ ಎದುರಿನ ಕಾಫಿ ಅಂಗಡಿಯಿಂದ ದೊತ್ತೋರ್ ವೆಂತುರೋಲಿ ಹೊರಗೆ ಬಂದರು. ಕೈಯಲ್ಲಿ ಇನ್ನೂ ಪುಟ್ಟ ಕಾಫಿ ಕಪ್ಪಿತ್ತು. ಎಲ್ಲ ಕೇಳಿಸಿಕೊಂಡಿದ್ದರು. ಅತಿಥಿಗಳ ಕಡೆ ಒಂದು ನಗೆ ಬೀರಿ, ನನ್ನ ಹತ್ತಿರ ಬಂದು ಹಲ್ಲು ಬಿಗಿಹಿಡಿದು ಮಾತಾಡಿದರು.

"ನಾಳೆಯಿಂದ ಕೆಲಸಕ್ಕೆ ಬರ್ಬೇಡಿ."

"ನಾಳೆಯಿಂದ ತಾನೇ? ಇವತ್ತು ಇನ್ನೂ ಪಾಂಥಿಯನ್ ಬಾಕಿ ಇದೆ," ಅಂದೆ. ಮನಸ್ಸಿಗೆ ಅಂಥ ಹಗುರ ನಾಲ್ಕು ವರ್ಷದಲ್ಲಿ ಆಗಿರಲಿಲ್ಲ.

"ಬರೆದವರು ಯಾರು? ಅದನ್ನ ಹೇಳಿ. ಆ ಪಾಲ್ಮಿರಾ ತಾನೇ? ಎಲ್ಲರ ಮುಂದೆ ಹೇಳಿ, ಸಾಕ್ಷಿ ಆಗುತ್ತೆ."

ಆ ಹಲಗೆಯ ಮೇಲೆ ಹೆಸರು ಹಾಕುವ ರೂಢಿಯೇ ಇಲ್ಲ. ಹಳೇ ಕಾಲದಲ್ಲಿ ಹೆಸರು ಹಾಕಿದ್ದರೆ ತಲೆ ಹೋಗುತ್ತಿತ್ತು. ಈಗ ತಲೆಯ ಬದಲು ಕೋಣೆ ಹೋಗುವುದಿತ್ತು. ನನಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ, ಇದ್ದ ಕೆಲಸವನ್ನು ಅವರೇ ಆಗತಾನೇ ಕಿತ್ತುಕೊಂಡಿದ್ದರು.

"ನಾನೇ ಬರೆದದ್ದು," ಅಂದೆ.

"ನೀವಾ?"

"ಹೌದು. ಎಲ್ಲಾನೂ ನಾನೇ. ವಕೀಲರಿಗೆ ನನ್ನ ಹೆಸರು ಕೊಡಿ. ಸ್ಪೆಲ್ಲಿಂಗ್ ಬೇಕಾದ್ರೆ ಹೇಳ್ತೀನಿ."

"ಎಲಾ ಇವಳ!" ಅಂತ ಹಿಂದಿನಿಂದ ಒಂದು ಕೂಗು ಬಂತು. ಗುಂಪು ಎರಡಾಗಿ ಸರಿಯಿತು. ಸೋರಾ ಪಾಲ್ಮಿರಾ. ಮನೆಯ ಏಪ್ರನ್ನಿನಲ್ಲೇ, ಕೈಯಲ್ಲಿ ಕೋಲು, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ನನ್ನ ಜನ ಪಶ್ಚಿಮಕ್ಕೆ ತಿರುಗಿದ್ದನ್ನು ನೋಡಿದವರು ಯಾರೋ ಅವಳಿಗೆ ಹೇಳಿರಬೇಕು, ಅಥವಾ ಅವಳೇ ಬಾಗಿಲಿನಿಂದ ಹಿಂಬಾಲಿಸಿ ಬಂದಿದ್ದಳೋ ಏನೋ. ಆ ಮಂಡಿಯಲ್ಲಿ ಅಷ್ಟು ದೂರ ನಡೆದು ಏದುಸಿರು ಬಿಡುತ್ತಿದ್ದಳು.

ನಾನು ಕಣ್ಣಲ್ಲೇ ಸುಮ್ಮನಿರಿ ಅಂದೆ. ತಲೆ ಅಲ್ಲಾಡಿಸಿದೆ. ಅವಳು ನೋಡಲೂ ಇಲ್ಲ.

"ಇವಳು ಬರೆದಳಂತೆ! ಇವಳು! ಎರಡನೇ ಕ್ಲಾಸಲ್ಲಿ ತಾಯಂದಿರ ದಿನಕ್ಕೆ ಎರಡು ಸಾಲು ಬರೀಬೇಕು ಅಂತ ನನ್ನ ಅಡುಗೆಮನೇಲಿ ಕೂತು ಅತ್ತವಳು. ಪ್ರಾಸ ಅಂದ್ರೆ ಇವಳಿಗೆ ಹುರುಳಿಯೋ ಕಡ್ಲೆಯೋ! ದೊತ್ತೋರೇ, ಇಲ್ಲಿ ನೋಡಿ. ಅದನ್ನ ಬರೆದವಳು ನಾನು. ಮೊದಲನೇದೂ ನನ್ನದೇ, ಎರಡನೇದೂ ನನ್ನದೇ. ಮೂರನೇದು ತಲೇಲಿದೆ, ನಿಮ್ಮ ಟೈ ಮೇಲೆ."

"ಸೋರಾ ಪಾಲ್ಮಿರಾ, ಕೋಣೆ..." ಅಂದೆ.

"ಗೊತ್ತು ಕಣೇ," ಅಂದಳು, ನನ್ನ ಕೈ ತಟ್ಟಿ, ಇದ್ದಕ್ಕಿದ್ದಂತೆ ಮೆತ್ತಗೆ. "ಕೋಣೆಗೋಸ್ಕರ ಬಾಯಿ ಮುಚ್ಕೊಂಡಿದ್ರೆ, ಆಮೇಲೆ ಆ ಕೋಣೇಲಿ ಕೂತ್ಕೊಂಡು ನಾನು ಮಾಡೋದೇನು?"

ದೊತ್ತೋರ್ ಫೋನು ಹೊರತೆಗೆದರು. "ಎಲ್ಲರೂ ಕೇಳಿಸಿಕೊಂಡಿದಾರೆ. ಇವತ್ತೇ ಕಾಗದ ಕಳಿಸ್ತೀನಿ. ಎಲ್ಲಿಗೆ ಕಳಿಸ್ಬೇಕು ಅಂತ ಮಾತ್ರ ಹೇಳಿ. ಯಾರಾದ್ರೂ ನೆಂಟರ ಮನೆಗಾ, ವೃದ್ಧಾಶ್ರಮಕ್ಕಾ?"

ಸೋರಾ ಪಾಲ್ಮಿರಾ ಅವರಿಗೆ ಬೆನ್ನು ತಿರುಗಿಸಿದಳು. ಹಾಲೆಂಡಿನ ಮೇಷ್ಟ್ರ ಜೇಬಿನಿಂದ, ಕೇಳದೆಯೇ, ಪೆನ್ನು ಎಳೆದುಕೊಂಡಳು. ಹಲಗೆಯ ಹತ್ತಿರ ಹೋಗಿ ಕೋಲನ್ನು ನನ್ನ ಕೈಗೆ ಕೊಟ್ಟಳು. ಎಣ್ಣೆಯ ಕಲೆ ಬಿದ್ದ ಆ ಚೀಟಿಯ ಕೆಳಗೆ, ಲಿಫ್ಟ್ ಕೆಟ್ಟಾಗ ಬರೆಯುತ್ತಿದ್ದಷ್ಟೇ ದೊಡ್ಡ ಅಕ್ಷರದಲ್ಲಿ, ನಿಧಾನವಾಗಿ ಬರೆದಳು. ಇಪ್ಪತ್ತೆಂಟು ಜನ ಕತ್ತು ಚಾಚಿ ನೋಡುತ್ತಿದ್ದರು. ಬರೆದು ಮುಗಿಸಿ, ಎರಡು ಹೆಜ್ಜೆ ಹಿಂದೆ ಬಂದು, ನನ್ನ ಪಕ್ಕೆಗೆ ತಿವಿದಳು.

"ಓದೇ. ಅವರಿಗೆ ತಿಳಿಯೋ ಹಾಗೆ ಓದು."

ನಾನು ಓದಿದೆ. ಮೊದಲು ನಮ್ಮ ಮಾತಿನಲ್ಲಿ, ದೊತ್ತೋರರ ಮುಖ ನೋಡಿಕೊಂಡು. ಆಮೇಲೆ ಅತಿಥಿಗಳ ಮಾತಿನಲ್ಲಿ.

"ಪಾಲ್ಮಿರಾ ಚೆಕ್ಕರೆಲ್ಲಿ. ನೆಲಮಹಡಿ, ಬಾಗಿಲಿನ ಎಡಕ್ಕೆ. ಕರೆಗಂಟೆ ಕೆಟ್ಟಿದೆ, ಜೋರಾಗಿ ಬಡಿಯಿರಿ. ಮನೆಯಲ್ಲೇ ಇರುತ್ತೇನೆ."